ದನಿ ಇದ್ದ ಕಡೆ ಮೈಕು

ಬೆಳಿಗ್ಗೆ ಎದ್ದ ಕೂಡಲೇ ಅವಳ ತಲೆ ನೇರವಾಗಿರುತ್ತಿತ್ತು. ಕಣ್ಣು ತೆರೆದರೆ ಎದುರಿಗೆ ಚಾವಣಿ, ಚಾವಣಿಯ ಮೇಲೆ ಪರದೆಯ ಸಂದಿಯಿಂದ ಬಂದ ಬೆಳಕಿನ ಒಂದು ಪಟ್ಟಿ. ಆ ಪಟ್ಟಿ ಕಿಟಕಿಯ ಬಳಿಯಿಂದ ಹೊರಟು ಫ್ಯಾನಿನ ರೆಕ್ಕೆ ಮುಟ್ಟುವವರೆಗೆ ಅವಳು ಅಲುಗದೆ ಮಲಗಿರುತ್ತಿದ್ದಳು. ಕತ್ತಿನಲ್ಲಿ ಎಳೆತವಿಲ್ಲ, ನೋವಿಲ್ಲ. ನಿದ್ದೆಯಲ್ಲಿ ಯಾರೋ ಬಂದು ಬಿಗಿದ ಹಗ್ಗ ಸಡಿಲಿಸಿ ಹೋದ ಹಾಗೆ. ಎದ್ದು ಮುಖ ತೊಳೆದು ಒಲೆಯ ಮೇಲೆ ಚಹಾದ ನೀರಿಡುವ ತನಕ ಈ ಕೃಪೆ ಇರುತ್ತಿತ್ತು. ನೀರು ಕುದಿಯುವ ಹೊತ್ತಿಗೆ ತಲೆ ಎಡಕ್ಕೆ ಹೊರಡುತ್ತಿತ್ತು. ಮೊದಲು ಒಂದಿಷ್ಟು, ಆಮೇಲೆ ಇನ್ನೊಂದಿಷ್ಟು, ಲಂಗರು ಕಿತ್ತ ದೋಣಿ ತಾನಾಗಿ ಮೂತಿ ತಿರುಗಿಸುವಂತೆ.

"ಹೊರಟಿತಾ ಸವಾರಿ?" ಎಂದು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಹೊರಡ್ತು ಅತ್ತೆ."

"ಎಲ್ಲಿಗೆ ಹೋಗ್ಬೇಕಂತೆ ಅದಕ್ಕೆ? ಕೇಳೇ ಒಂದ್ಸಲ. ಬಸ್ ಚಾರ್ಜಾದ್ರೂ ಕೊಟ್ಟು ಕಳಿಸೋಣ."

ಇಬ್ಬರೂ ನಗುತ್ತಿದ್ದರು. ನಗುವಾಗ ತಲೆ ಇನ್ನಷ್ಟು ತಿರುಗುತ್ತಿತ್ತು. ಮನೆಯಲ್ಲಿ ಇರುವವರು ಇವರಿಬ್ಬರೇ. ಮಗ ತೀರಿಕೊಂಡ ಮೇಲೂ ಅತ್ತೆ ಸೊಸೆಯ ಜೊತೆಗೇ ಉಳಿದಿದ್ದರು. ಯಾಕೆಂದು ಕೇಳಿದವರಿಗೆ, "ಸಂಜೆ ಏಳಕ್ಕೆ ಇವಳು ರೇಡಿಯೊದಲ್ಲಿ ಮಾತಾಡ್ತಾಳೆ, ಆಮೇಲೆ ಮನೆಗೆ ಬಂದು ಮಾತಾಡ್ತಾಳೆ. ಒಂದೇ ಸಂಬಳಕ್ಕೆ ಇಬ್ಬರು ಸೊಸೇರು ನನಗೆ" ಎನ್ನುತ್ತಿದ್ದರು.

ಅವಳು ರೇಡಿಯೊ ಕೇಂದ್ರದಲ್ಲಿ ಸಂಜೆಯ ವಾರ್ತೆ ಓದುವವಳು. ಏಳರ ಗಂಟೆಯ ಸದ್ದು ಅಡಗುವುದಕ್ಕೂ ಅವಳ ಮೊದಲ ಶಬ್ದ ಹೊರಡುವುದಕ್ಕೂ ನಡುವೆ ಒಂದು ಕೂದಲು ತೂರಿಸಲು ಜಾಗ ಇರುತ್ತಿರಲಿಲ್ಲವಾದ್ದರಿಂದ ಸಹೋದ್ಯೋಗಿಗಳು ಅವಳನ್ನು ಗಂಟೆಯಮ್ಮ ಎಂದು ಕರೆಯುತ್ತಿದ್ದರು. ಗಾಜಿನ ಆಚೆ ಕೂತು ಅವಳ ದನಿಯನ್ನು ಊರಿಗೆ ಕಳಿಸುವ ತಂತ್ರಜ್ಞನಿಗೆ ಕಿವಿರಾಯ ಎಂದು ಹೆಸರಿಟ್ಟವಳು ಅವಳೇ. ಕಾಗದದ ಹಾಳೆ ಒದ್ದೆಯೋ ಒಣಗಿದ್ದೋ ಎಂದು ಮಗುಚುವ ಸದ್ದಿನಲ್ಲೇ ಹೇಳುವ ಆಸಾಮಿ ಅವನು.

ಕತ್ತಿನ ತೊಂದರೆ ಮೊದಲು ಕಂಡದ್ದು ಹಿಂದಿನ ವರ್ಷ. ಎಲ್ಲರೂ ಹೊಸ ಇಯರ್‌ಫೋನಿನ ಮೇಲೆ ತಪ್ಪು ಹೊರಿಸಿದರು. ಅಲ್ಲಿಯವರೆಗೆ ಸ್ಟುಡಿಯೊದಲ್ಲಿ ಇದ್ದದ್ದು ಬಟ್ಟಲಿನಂಥ ದೊಡ್ಡ ಹೆಡ್‌ಫೋನು. ಅದರ ಪಟ್ಟಿ ಸಡಿಲವಾಗಿದ್ದರಿಂದ ಗಂಟೆಯಮ್ಮ ಎಡಗೈಯಿಂದ ಅದನ್ನು ಕಿವಿಗೆ ಒತ್ತಿ ಹಿಡಿದೇ ಓದುತ್ತಿದ್ದಳು. ಅದನ್ನು ಕಪಾಟಿಗೆ ಹಾಕಿ, ಕಿವಿಯೊಳಗೆ ಕೂರುವ ಸಣ್ಣ ಗುಂಡಿಯಂಥದ್ದನ್ನು ತಂದರು. ಕೆಲವೇ ವಾರಗಳಲ್ಲಿ ಅವಳ ಮುಖ ಓದುವ ನಡುವೆ ಎಡಕ್ಕೆ ಸರಿಯತೊಡಗಿತು. ನೇರ ಇಟ್ಟುಕೊಳ್ಳಲು ಹೋದರೆ ತಲೆ ಸಣ್ಣಗೆ ಅದುರುತ್ತಿತ್ತು, ಅದರ ಜೊತೆ ದನಿಯೂ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಸುದ್ದಿ ಸಂಪಾದಕರು ಮೊದಮೊದಲು ತಮಾಷೆ ಮಾಡಿದರು. ಆಮೇಲೆ ತಮಾಷೆ ನಿಲ್ಲಿಸಿದರು. ಒಂದು ಮಧ್ಯಾಹ್ನ ತಮ್ಮ ಕೋಣೆಗೆ ಕರೆದು, ಕುರ್ಚಿ ತೋರಿಸಿ, ಅವಳ ಮುಖ ಎತ್ತ ತಿರುಗಿತ್ತೋ ಅತ್ತ ಕಡೆಗೇ ತಮ್ಮ ಕುರ್ಚಿಯನ್ನೂ ಸರಿಸಿಕೊಂಡು ಮಾತಾಡಿದರು. ಅವರು ಕೆಟ್ಟ ಮನುಷ್ಯರಲ್ಲ.

"ನೋಡಿ, ಇದು ಏನು ಅಂತ ಒಬ್ಬ ಡಾಕ್ಟರಾದ್ರೂ ಸರಿಯಾಗಿ ಹೇಳ್ಲಿ. ಹೆಸರಿಲ್ಲದ ಕಾಯಿಲೆಗೆ ನಾನು ಮೇಲಿನವರಿಗೆ ಏನಂತ ಬರೀಲಿ? ಮುಂದಿನ ತಿಂಗಳವರೆಗೆ ಕಾಯ್ತೀನಿ. ಆಮೇಲೆ ನೀವು ಡೆಸ್ಕಿಗೆ ಬನ್ನಿ, ಬರೆದುಕೊಡಿ, ಬೇರೆಯವರು ಓದ್ಲಿ."

"ನನಗೆ ಬರೆಯೋದಕ್ಕಿಂತ ಓದೋದೇ ಬರೋದು."

"ಗೊತ್ತು. ಅದಕ್ಕೇ ಒಂದು ತಿಂಗಳು ಅಂದದ್ದು."

ಅವಳು ಆಗಲೇ ಇಬ್ಬರು ವೈದ್ಯರನ್ನು ಕಂಡು ಬಂದಿದ್ದಳು. ಮೂಳೆ ವೈದ್ಯ ಎಕ್ಸ್‌ರೇ ತೆಗೆಸಿ, ಈ ವಯಸ್ಸಿನಲ್ಲಿ ಎಲ್ಲರಿಗೂ ಇರುವ ಸವೆತವೇ ಇದು ಎಂದು ಕತ್ತಿಗೆ ದಪ್ಪ ಪಟ್ಟಿ ಕಟ್ಟಿಸಿದ್ದ. ಪಟ್ಟಿಯೊಳಗೂ ತಲೆ ತಿರುಗಲು ಹೆಣಗುತ್ತಿತ್ತು. ಗದ್ದ ಉಜ್ಜಿ ಕೆಂಪಾದದ್ದೊಂದೇ ಲಾಭ. ಎರಡನೆಯವನು ಮನೋವೈದ್ಯ, ಎದುರಿಗೆ ಕೂರಿಸಿ ಬಹಳ ಹೊತ್ತು ಮಾತಾಡಿಸಿದ. ಅವನ ಮೇಜಿನ ಮೇಲೆ ಮೊಣಕೈ ಊರಿ, ಕೆನ್ನೆಗೆ ಕೈಕೊಟ್ಟು ಅವಳು ಕೂತಿದ್ದಳು. ಅಷ್ಟು ಹೊತ್ತೂ ತಲೆ ನೇರವಾಗಿಯೇ ಇತ್ತು. ಗಂಡನನ್ನು ಕಳೆದುಕೊಂಡ ದುಃಖ ಹೀಗೆ ಹೊರಬರುತ್ತಿದೆ ಎಂದು ಅವನು ನಿದ್ದೆ ಮಾತ್ರೆ ಬರೆದುಕೊಟ್ಟ.

"ನನ್ನ ಮಗ ಹೋಗಿ ಒಂಬತ್ತು ವರ್ಷ ಆಯ್ತು" ಎಂದರು ಅತ್ತೆ ಮನೆಗೆ ಬಂದ ಮೇಲೆ. "ಬದುಕಿದ್ದಾಗಲೂ ನಿನ್ನ ಕತ್ತು ತಿರುಗಿಸೋಷ್ಟು ಚೆಲುವ ಅಲ್ಲ ಅವನು. ಈಗ ತಿರುಗಿಸ್ತಾನಾ?"

ಆದರೆ ಆ ರಾತ್ರಿಯಿಂದ ಅವಳಿಗೊಂದು ಅನುಮಾನ ಅಂಟಿಕೊಂಡಿತು. ಮನಸ್ಸಿನದೇ ಇರಬಹುದೇ? ಪಕ್ಕದ ಮನೆಯವಳು, ಗಂಟೆಯಮ್ಮ ತನ್ನನ್ನು ಕಂಡರೂ ಮುಖ ತಿರುಗಿಸಿಕೊಂಡು ಹೋಗುತ್ತಾಳೆ ಎಂದು ಮುನಿಸಿಕೊಂಡಿದ್ದಳು. ಗಂಟೆಯಮ್ಮನ ಕನಸುಗಳಲ್ಲಿ ಎಲ್ಲ ಬಾಗಿಲುಗಳೂ ಎಡಗಡೆಯ ಗೋಡೆಯಲ್ಲಿದ್ದವು. ಒಂದೊಂದನ್ನೇ ತೆರೆಯುತ್ತ ಹೋದರೆ ಪ್ರತಿ ಕೋಣೆಯಲ್ಲೂ ಒಂದು ಮೈಕು, ಒಂದು ಕೆಂಪು ದೀಪ. ಕನಸಿನಲ್ಲಿ ಅವಳ ಕತ್ತು ಸಸಿಯ ಕಾಂಡದ ಹಾಗೆ ಹಗುರ. ಎಲ್ಲ ಕೋಣೆಗಳಲ್ಲೂ ಅವಳು ವಾರ್ತೆ ಓದುತ್ತಿದ್ದಳು, ಏನು ಓದಿದೆನೆಂಬುದು ಎಚ್ಚರವಾದ ಮೇಲೆ ನೆನಪಿರುತ್ತಿರಲಿಲ್ಲ.

ಮೂರನೆಯವರು ನರರೋಗ ತಜ್ಞೆ. ದೊಡ್ಡ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ ಅವರ ಕೋಣೆ. ಕಿಟಕಿಯ ಹೊರಗೆ ಒಣಹಾಕಿದ ಬಿಳಿ ಹಾಸಿಗೆ ಬಟ್ಟೆಗಳು ಒಂದರ ಹಿಂದೊಂದು ಉಬ್ಬಿ ಇಳಿಯುತ್ತಿದ್ದವು. ತಜ್ಞೆ ಮೊದಲು ಕಣ್ಣಿಂದಲೇ ಪರೀಕ್ಷೆ ಶುರುಮಾಡಿದರು. ಗಂಟೆಯಮ್ಮ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವುದನ್ನು, ಕೂರುವುದನ್ನು, ಮೊಣಕೈ ಊರಿ ಕೆನ್ನೆಗೆ ಕೈ ಕೊಡುವುದನ್ನು ನೋಡಿದರು.

"ಆ ಕೈ ತೆಗೀತೀರಾ?"

ತೆಗೆದಳು. ತಲೆ ಹೊರಟಿತು.

"ಮತ್ತೆ ಇಡಿ. ಒತ್ತಬೇಡಿ, ಸುಮ್ಮನೆ ಮುಟ್ಟಿ."

ಇಟ್ಟಳು. ತಲೆ ವಾಪಸು ಬಂತು. ಅತ್ತೆ ಬಾಯಿಗೆ ಸೆರಗು ಹಿಡಿದರು. "ಅಯ್ಯೋ, ಸಾಕಿದ ನಾಯಿ ಹಾಗೆ ಹೇಳಿದ ಮಾತು ಕೇಳ್ತಿದೆಯಲ್ಲೇ!"

"ಈಗ ಕೈ ಕೆನ್ನೆವರೆಗೆ ತನ್ನಿ, ಆದರೆ ಮುಟ್ಟಬೇಡಿ."

ಕೈ ಗಾಳಿಯಲ್ಲಿ ಮೇಲೇರಿತು. ಬೆರಳಿಗೂ ಚರ್ಮಕ್ಕೂ ನಡುವೆ ಒಂದು ಗೇಣು ಇರುವಾಗಲೇ ತಲೆ ನೇರದ ಕಡೆ ಸರಿಯಿತು, ಕೈ ಮುಟ್ಟಲಿದೆಯೆಂದು ಮೊದಲೇ ತಿಳಿದಂತೆ.

ತಜ್ಞೆ ಕೇಳಿದ ಪ್ರಶ್ನೆಗಳು ಗಂಟೆಯಮ್ಮನಿಗೆ ಒಳ್ಳೆಯ ವರದಿಗಾರನ ಪ್ರಶ್ನೆಗಳಂತೆ ಕೇಳಿಸಿದವು. ಯಾವಾಗಿನಿಂದ, ಯಾವ ಹೊತ್ತಲ್ಲಿ ಕಡಿಮೆ, ನಿದ್ದೆಯಲ್ಲಿ ಹೇಗೆ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ, ವಾಂತಿಗೋ ಮನಸ್ಸಿಗೋ ದೀರ್ಘಕಾಲ ಮಾತ್ರೆ ತಿಂದದ್ದುಂಟೇ. ಕೆಲವು ಮಾತ್ರೆಗಳೂ ಕತ್ತು ತಿರುಗಿಸುತ್ತವಂತೆ. ಕಣ್ಣು ಓರೆಯಾದವರು ಎರಡೆರಡು ಕಾಣದಿರಲೆಂದು ತಲೆ ವಾಲಿಸುತ್ತಾರಂತೆ. ಅದಕ್ಕಾಗಿ ಕಣ್ಣಿನ ಚಲನೆ ನೋಡಿದರು. ದೇಹದಲ್ಲಿ ತಾಮ್ರ ಜಾಸ್ತಿಯಾಗುವ ಒಂದು ಅಪರೂಪದ ಕಾಯಿಲೆಯೂ ಹೀಗೆ ಮಾಡಬಹುದೆಂದು ರಕ್ತ ಪರೀಕ್ಷೆಗೆ ಬರೆದರು, ಸ್ಕ್ಯಾನಿಗೂ.

ಆಮೇಲೆ ದೀಪ ಆರಿಸಿ, ಪರದೆ ಅರ್ಧ ಎಳೆದರು. "ಈಗ ಕಣ್ಣು ಮುಚ್ಚಿ. ಇಷ್ಟು ದಿನ ತಲೆ ಹಿಡಿದಿಟ್ಟುಕೊಂಡು ಸಾಕಾಗಿದೆ ನಿಮಗೆ. ಇವತ್ತು ಬಿಟ್ಟುಬಿಡಿ. ಅದಕ್ಕೆ ಎಲ್ಲಿಗೆ ಬೇಕೋ ಅಲ್ಲಿಗೆ ಹೋಗ್ಲಿ."

ಅವಳು ಬಿಟ್ಟಳು.

ಮೊದಲು ಭಯವಾಯಿತು. ಆಮೇಲೆ ಭಯ ಎಲ್ಲೋ ಹಿಂದೆ ಉಳಿಯಿತು. ತಲೆ ಎಡಕ್ಕೆ ತೇಲಿತು, ಭುಜದ ನೇರಕ್ಕೆ ಬಂತು, ಗದ್ದ ಚೂರು ಮೇಲೆದ್ದಿತು. ರೆಪ್ಪೆಗಳ ಮೇಲೆ ಕಿಟಕಿಯ ಬೆಳಕು ಬಿತ್ತು. ಹೊರಗಿನ ಬಟ್ಟೆಗಳು ಉಬ್ಬಿ ಇಳಿಯುವುದು ಬೆಳಕು ನೆರಳಾಗಿ ಒಳಗೆ ಕಂಡಿತು. ತಲೆ ಒಂದು ಜಾಗಕ್ಕೆ ಬಂದು ನಿಂತಿತು. ಅಲ್ಲಿ ಅದುರುವಿಕೆ ಇರಲಿಲ್ಲ. ಇಷ್ಟು ತಿಂಗಳು ತಾನು ಕಾದಾಡಿದ್ದು ಇಂಥ ಒಂದು ನಿಶ್ಚಲವಾದ ಜಾಗದ ವಿರುದ್ಧವೇ ಎಂದು ಅವಳಿಗೆ ಅನಿಸಿತು. ವೈದ್ಯೆಯ ತಣ್ಣನೆಯ ಬೆರಳುಗಳು ಕತ್ತಿನ ಹಿಂದೆ, ಮುಂದೆ, ಕಿವಿಯ ಕೆಳಗೆ ಒತ್ತುತ್ತ ಬಂದವು. ಯಾವ ಸ್ನಾಯು ಕಲ್ಲಾಗಿದೆ, ಯಾವುದು ಮೆತ್ತಗಿದೆ ಎಂದು ಹುಡುಕುತ್ತಿದ್ದವು.

"ತಲೆ ದಾರಿ ತಪ್ಪೋದು ನಾಲ್ಕು ಕಡೆಗೆ" ಎಂದರು ದೀಪ ಹಚ್ಚಿ. "ತಿರುಗಬಹುದು, ಭುಜಕ್ಕೆ ವಾಲಬಹುದು, ಎದೆಗೆ ಬಾಗಬಹುದು, ಹಿಂದಕ್ಕೆ ಸೆಟೆಯಬಹುದು. ತುಂಬಾ ಜನರಲ್ಲಿ ಎರಡು ಮೂರು ಬೆರೆತಿರುತ್ತೆ. ನಿಮ್ಮದು ಹೆಚ್ಚಾಗಿ ತಿರುಗೋದು. ಡಿಸ್ಟೋನಿಯಾ ಅಂತ ನನಗೆ ಅನಿಸ್ತಿದೆ. ಸ್ನಾಯುಗಳಿಗೆ ಮಿದುಳು ಕೊಡೋ ಆಜ್ಞೆ ಹದ ತಪ್ಪಿರುತ್ತೆ. ಮೂಳೆಯದಲ್ಲ, ದುಃಖದ್ದೂ ಅಲ್ಲ. ಕೆನ್ನೆ ಮುಟ್ಟಿದರೆ ನೇರವಾಗೋದು ಈ ಕಾಯಿಲೆಯದೇ ಗುಣ. ಆದರೆ..." ಎರಡನೆಯ ವೈದ್ಯನ ಚೀಟಿ ತೆಗೆದರು. "ಮಾತಾಡುವಾಗ ಪೂರ್ತಿ ಸರಿಯಿರುತ್ತೆ ಅಂತ ಇವರು ಬರೆದಿದ್ದಾರೆ. ವಾರ್ತೆ ಓದುವಾಗಲೂ ಹಾಗೇನಾ?"

"ಮೊದಲು ಓದುವಾಗಲೇ ತಿರುಗಿ ಅದುರ್ತಿತ್ತು, ಈಗೀಗ ಅದುರೋದು ಗೊತ್ತಾಗಲ್ಲ. ಓದುವಾಗ ನನಗೆ ನಾನು ಕಾಣಲ್ಲ."

"ಹಾಗಾದ್ರೆ ಓದುವಾಗ ಒಂದು ವಿಡಿಯೊ ಮಾಡಿಸಿ ತನ್ನಿ. ಈ ಸ್ನಾಯುಗಳನ್ನ ಸಡಿಲಿಸೋ ಇಂಜೆಕ್ಷನ್ ಕೊಡಬೇಕಾಗುತ್ತೆ. ಕತ್ತಿನ ಹಿಂದಿನ ಸ್ನಾಯುಗೆ ಕೊಟ್ಟರೆ ತೊಂದರೆ ಕಡಿಮೆ. ಮುಂದಿನದಕ್ಕೆ ಕೊಟ್ಟರೆ ಕೆಲವರಿಗೆ ನುಂಗೋದು ಕಷ್ಟವಾಗುತ್ತೆ, ದನಿಯೂ ಕೆಲವು ವಾರ ಸೊರಗಬಹುದು. ನಿಮ್ಮ ಕಸುಬು ದನಿ. ನೋಡದೆ ನಾನು ಸೂಜಿ ಎತ್ತಲ್ಲ."

ವಿಡಿಯೊ ಮಾಡಿದ್ದು ಕಿವಿರಾಯ. ಮೂರು ಕಾಲಿನ ಸ್ಟ್ಯಾಂಡು ತಂದು, ಫೋನು ಸಿಕ್ಕಿಸಿ, ಏಳಕ್ಕೆ ಮುಂಚೆ ಸ್ಟುಡಿಯೊದಲ್ಲಿ ಇಟ್ಟು ಹೋದ. ದಪ್ಪ ಬಾಗಿಲು ಮುಚ್ಚಿಕೊಂಡಾಗ ಎಂದಿನಂತೆ ಹೊರಗಿನ ಲೋಕ ನೀರಿನಡಿಗೆ ಹೋಯಿತು. ಕೆಂಪು ದೀಪ ಹತ್ತಿತು. ಅವಳು ಓದಿದಳು.

ಮುಂದಿನ ಭೇಟಿಗೆ ಕಿವಿರಾಯನೂ ಜೊತೆಗೆ ಬಂದ. ರಕ್ತದಲ್ಲಿ ತಾಮ್ರ ಸರಿಯಿತ್ತು, ಸ್ಕ್ಯಾನಿನಲ್ಲಿ ದೋಷವಿರಲಿಲ್ಲ. ತಜ್ಞೆ ಫೋನು ಕೈಗೆ ತೆಗೆದುಕೊಂಡು ವಿಡಿಯೊ ನೋಡತೊಡಗಿದರು. ಅತ್ತೆ ಅವರ ಭುಜದ ಮೇಲಿಂದ ಇಣುಕಿದರು.

ಪರದೆಯಲ್ಲಿ ಗಂಟೆಯಮ್ಮನ ಮುಖ ಎದುರಿಗೆ, ಸೂಜಿಗೆ ದಾರ ಪೋಣಿಸಿದಷ್ಟು ನೇರ. ಕೈ ಕೆನ್ನೆಯ ಮೇಲಿಲ್ಲ. ತಲೆ ಅದುರುತ್ತಿಲ್ಲ. ಮೊದಲ ಸುದ್ದಿಯಿಂದ ಹವಾಮಾನದವರೆಗೂ ಹಾಗೇ.

ತಜ್ಞೆ ವಿಡಿಯೊ ನಿಲ್ಲಿಸಿದರು. ಎರಡನೆಯ ವೈದ್ಯನ ಚೀಟಿ ಮೇಜಿನ ಮೇಲೇ ಇತ್ತು.

"ಓದುವಾಗ ನಿಜವಾಗಿಯೂ ಇರೋದೇ ಇಲ್ಲ" ಎಂದರು ಕೊನೆಗೆ. "ಹೀಗೆ ಕೈ ಮುಟ್ಟದೆ ಪೂರ್ತಿ ಮಾಯವಾಗೋದು ಡಿಸ್ಟೋನಿಯಾದಲ್ಲಿ ಅಪರೂಪ... ಇಂಜೆಕ್ಷನ್ ವಿಷಯ ಸ್ವಲ್ಪ ತಡೆಯೋಣ. ನಾನು ಇನ್ನೊಮ್ಮೆ ಯೋಚನೆ ಮಾಡಬೇಕು."

ಸಂಪಾದಕರು ಕೊಟ್ಟ ತಿಂಗಳು ಮುಗಿಯುತ್ತ ಬಂದಿತ್ತು. ಕೈಗೆ ಸಿಕ್ಕಿದ್ದ ಹೆಸರು ಜಾರಿ ಹೋಗುತ್ತಿತ್ತು. ಹಾಗಾದರೆ ಮನಸ್ಸಿನದೇ, ತಾನೇ ಮಾಡಿಕೊಂಡದ್ದೇ. "ಇನ್ನೊಂದ್ಸಲ ತೋರಿಸಿ" ಎಂದು ಗಂಟೆಯಮ್ಮ ಕೈ ಚಾಚಿದಳು. ತನ್ನ ಮುಖವನ್ನು ನೋಡಲಿಲ್ಲ, ನೋಡಲು ಮನಸ್ಸಾಗಲಿಲ್ಲ. ಮುಖದ ಹಿಂದಿನ ಗೋಡೆ ನೋಡಿದಳು.

"ಬಾಗಿಲು" ಎಂದಳು.

"ಏನು?"

"ನನ್ನ ಹಿಂದೆ ಬಾಗಿಲು ಕಾಣ್ತಿದೆ. ನನ್ನ ಕುರ್ಚಿ ಹಿಂದೆ ಇರೋದು ಬರೀ ಗೋಡೆ. ಬಾಗಿಲು ನನ್ನ ಬಲಕ್ಕೆ ಇರೋದು. ಕಿವಿರಾಯಾ, ಫೋನು ಎಲ್ಲಿಟ್ಟಿದ್ದೆ?"

"ಎಲ್ಲಿಡ್ತಾರೆ ಅಕ್ಕಾ? ಮೈಕಿನ ಪಕ್ಕದಲ್ಲೇ. ನಿಮ್ಮ ಬಾಯಿಗೆ ನೇರವಾಗಿ."

"ಮೈಕು ಎಲ್ಲಿತ್ತು?"

ಕಿವಿರಾಯನ ಮುಖ ಕಂದಿತು. ಅವನು ನೆಲ ನೋಡಿದ, ಅತ್ತೆಯನ್ನು ನೋಡಿದ, ತಪ್ಪಿಸಿಕೊಳ್ಳಲು ದಾರಿಯಿಲ್ಲವೆಂದು ಕಂಡುಕೊಂಡ. "ದನಿ ಇದ್ದ ಕಡೆ ಮೈಕು ಅಕ್ಕಾ. ನಿಮ್ಮ ದನಿ ಎಡಕ್ಕೆ ಹೋಯ್ತು, ನಾನು ಮೈಕನ್ನ ಒಂದು ಬೆರಳು ಸರಿಸಿದೆ. ಆಮೇಲೆ ಮತ್ತೆ ಹೋಯ್ತು. ಮತ್ತೆ ಸರಿಸಿದೆ. ನಿಮಗೆ ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ..."

"ಎಷ್ಟು ಸರಿಸಿದ್ದೀಯ?"

"ಈಗ ಮೇಜಿನ ಮೂಲೆಗೆ ಬಂದಿದೆ. ಇನ್ನು ಸರಿಸಬೇಕಂದ್ರೆ ಮೇಜೇ ದೊಡ್ಡದು ಮಾಡಿಸ್ಬೇಕು."

ಅತ್ತೆ ಹಣೆ ಚಚ್ಚಿಕೊಂಡರು. "ಎಂಥಾ ಬುದ್ಧಿವಂತನಪ್ಪಾ! ಗೋಡೆ ಬೀಳ್ತಿದೆ ಅಂದ್ರೆ ನೀನು ಮಂಚ ಸರಿಸ್ಕೊಂಡು ಮಲಗೋನು."

ತಜ್ಞೆ ಫೋನನ್ನು ಮತ್ತೆ ತೆಗೆದುಕೊಂಡು, ಈ ಸಲ ಮುಖ ಬಿಟ್ಟು ಭುಜ ನೋಡಿದರು. ಎಡಭುಜ ಮುಂದಕ್ಕೆ, ದೊಡ್ಡದಾಗಿ. ಬಲಭುಜ ದೂರದಲ್ಲಿ, ಸಣ್ಣದಾಗಿ. ಮುಖ ನೇರ, ಮೈಯೆಲ್ಲ ಓರೆ. ಕತ್ತು ತನಗೆ ಬೇಕಾದಲ್ಲಿಗೆ ತಲುಪಿದ್ದರಿಂದ ಅದುರುವಿಕೆಯೂ ಇರಲಿಲ್ಲ. "ತಪ್ಪು ನನ್ನದೂ ಹೌದು" ಎಂದರು ಅವರು. "ಮುಖ ನೋಡಿದೆ, ಮುಖ ಯಾವುದರ ಮೇಲೆ ಕೂತಿದೆ ಅಂತ ನೋಡ್ಲಿಲ್ಲ." ಆಮೇಲೆ ಕಿವಿರಾಯನ ಕಡೆ ತಿರುಗಿ, "ಇದಕ್ಕೆ ಮುಂಚೆ, ಮೈಕು ನಡುವೆ ಇದ್ದಾಗ, ಇವರು ಹೇಗೆ ಕೂರ್ತಿದ್ರು?"

"ಹಳೇ ಹೆಡ್‌ಫೋನು ಹೀಗೆ ಹಿಡ್ಕೊಂಡು" ಎಂದು ಅವನು ಎಡಗೈಯನ್ನು ಕಿವಿಗೆ ಒತ್ತಿ ತೋರಿಸಿದ. ಹೆಬ್ಬೆರಳು ದವಡೆಯ ಮೇಲೆ ಬಂದಿತ್ತು.

ಕೋಣೆಯಲ್ಲಿ ಎಲ್ಲರೂ ಅವನ ಹೆಬ್ಬೆರಳನ್ನೇ ನೋಡಿದರು. ಇಯರ್‌ಫೋನು ಕಾಯಿಲೆ ತಂದಿರಲಿಲ್ಲ. ಕಾಯಿಲೆಯನ್ನು ಮುಟ್ಟಿ ಹಿಡಿದಿದ್ದ ಕೈಯನ್ನು ಕೆಳಗಿಳಿಸಿತ್ತು, ಅಷ್ಟೆ.

ಮರುದಿನ ಫೋನನ್ನು ಮೇಜಿನ ನಡುವೆ ಇಟ್ಟು ಇನ್ನೊಂದು ವಿಡಿಯೊ ಮಾಡಿದರು. ಅದನ್ನು ನೋಡಿ ತಜ್ಞೆ ತೀರ್ಮಾನಿಸಿದರು: ತಲೆ ಎಡಕ್ಕೆ ತಿರುಗುತ್ತದೆ, ಜೊತೆಗೆ ಚೂರು ಹಿಂದಕ್ಕೆ ಸೆಟೆಯುತ್ತದೆ. ಬಾಗುವುದಿಲ್ಲ, ವಾಲುವುದಿಲ್ಲ. ಎಳೆಯುತ್ತಿರುವುದು ಮುಖ್ಯವಾಗಿ ಎಡ ಹಿಂಭಾಗದ ಸ್ನಾಯು. ಬಲ ಮುಂಭಾಗದ್ದೂ ಕೈಜೋಡಿಸಿದೆ.

"ಎರಡಕ್ಕೂ ಕೊಟ್ಟರೆ ತಲೆ ಹೆಚ್ಚು ನೇರ ಬರಬಹುದು. ಹಿಂದಿನದಕ್ಕೆ ಮಾತ್ರ ಕೊಟ್ಟರೆ ಸ್ವಲ್ಪ ಓರೆ ಉಳಿಯುತ್ತೆ, ಆದರೆ ದನಿಗೆ ಅಪಾಯ ಕಡಿಮೆ. ವಾಸಿಯಾಗುತ್ತೆ ಅಂತ ಹೇಳಲ್ಲ. ಸುಮಾರು ಮೂರು ತಿಂಗಳಿಗೊಮ್ಮೆ ಮತ್ತೆ ಬರಬೇಕು. ನೀವೇ ಹೇಳಿ."

ಗಂಟೆಯಮ್ಮ ಅತ್ತೆಯನ್ನು ನೋಡಿದಳು. ನೋಡಲು ತಲೆ ತಿರುಗಿಸಬೇಕಾಗಿರಲಿಲ್ಲ, ಅತ್ತೆ ಎಡಕ್ಕೇ ಕೂತಿದ್ದರು. ಈಚೆಗೆ ಅವರು ಕೂರುತ್ತಿದ್ದದ್ದೆಲ್ಲ ಅಲ್ಲೇ ಎಂಬುದು ಅವಳಿಗೆ ಆಗ ಹೊಳೆಯಿತು.

"ರೇಡಿಯೊದಲ್ಲಿ ಮುಖ ಯಾರಿಗೆ ಕಾಣುತ್ತೇ?" ಎಂದರು ಅತ್ತೆ.

"ಹಿಂದಿನದಕ್ಕೆ ಮಾತ್ರ ಕೊಡಿ" ಎಂದಳು ಅವಳು.

ಸಂಪಾದಕರಿಗೆ ಆಸ್ಪತ್ರೆಯ ಪತ್ರ ತಲುಪಿತು. ಅವರು ಕಾಯಿಲೆಯ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು, ಹೊಸ ಮಂತ್ರಿಯ ಹೆಸರನ್ನು ಅಭ್ಯಾಸ ಮಾಡುವಂತೆ. "ಪತ್ರ ಸರಿಯಿದೆ. ದನಿ ಹೇಗಿದೆ ಅಂತ ಸೂಜಿಯ ಕೆಲಸ ಶುರುವಾದ ಮೇಲೆ ಕೇಳ್ತೀನಿ. ಓದೋದಾ ಡೆಸ್ಕಾ ಅಂತ ಆಗ ಹೇಳ್ತೀನಿ" ಎಂದರು.

ಸೂಜಿ ಚುಚ್ಚಿ ಎರಡು ವಾರದ ಹೊತ್ತಿಗೆ ಬೆಳಗಿನ ಕೃಪೆ ಉದ್ದವಾಯಿತು. ಚಹಾದ ನೀರು ಕುದಿದು, ಸೋಸಿ, ಲೋಟಕ್ಕೆ ಬಿದ್ದರೂ ತಲೆ ಹೊರಡಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಕಾದರು. "ಬಸ್ ತಡ ಅಂತ ಕಾಣುತ್ತೆ" ಎಂದರು. ಪಕ್ಕದ ಮನೆಯವಳಿಗೆ ಗಂಟೆಯಮ್ಮ ಬೀದಿಯಲ್ಲಿ ನಿಂತು, ಕೆನ್ನೆ ಮುಟ್ಟಿಕೊಂಡು, ಮುಖ ಕೊಟ್ಟು ನಕ್ಕಳು. ಅವಳು ಅರೆಗಳಿಗೆ ತಬ್ಬಿಬ್ಬಾಗಿ, ಆಮೇಲೆ ತಾನೂ ನಕ್ಕಳು.

ಆ ಸಂಜೆ ಸಂಪಾದಕರು ಗಾಜಿನ ಆಚೆ, ಕಿವಿರಾಯನ ಬೆನ್ನ ಹಿಂದೆ ಬಂದು ನಿಂತರು. ಸ್ಟುಡಿಯೊದ ಮೇಜಿನ ಮೇಲೆ ಹಳೆಯ ಬಟ್ಟಲು ಹೆಡ್‌ಫೋನು ಕಾಯುತ್ತಿತ್ತು. ಕಿವಿರಾಯ ಅದನ್ನು ಕಪಾಟಿನಿಂದ ತೆಗೆದು, ಒರೆಸಿ, ಪಟ್ಟಿಯನ್ನು ಬಿಗಿ ಮಾಡದೆ ಹಾಗೇ ಬಿಟ್ಟಿದ್ದ. ಮೈಕು ಮೇಜಿನ ಮೂಲೆಯಿಂದ ಹಿಂದಕ್ಕೆ ಬಂದಿತ್ತು. ಪೂರ್ತಿ ನಡುವಿಗೆ ಬಂದಿರಲಿಲ್ಲ. ಎರಡು ಬೆರಳು ಎಡಕ್ಕೆ ಉಳಿದಿತ್ತು.

ಗಾಜಿನಾಚೆಯಿಂದ ಅವನು ಕೈಯಲ್ಲೇ ಕೇಳಿದ: ಸರಿಸಲಾ?

ಬೇಡ ಎಂದು ಅವಳು ಬೆರಳಾಡಿಸಿದಳು. ಕಣ್ಣು ಮುಚ್ಚಿದಳು. ತಲೆಯನ್ನು ಬಿಟ್ಟಳು. ಅದು ಅವಸರವಿಲ್ಲದೆ ಹೊರಟು, ಸ್ವಲ್ಪ ದೂರ ಹೋಗಿ, ಎಲ್ಲಿಗೆ ಬೇಕಿತ್ತೋ ಅಲ್ಲಿ ನಿಂತಿತು. ಉಸಿರು ಬಿಟ್ಟರೆ ಮೈಕಿನ ತಣ್ಣನೆಯ ಜಾಲರಿಗೆ ತಾಗುವಷ್ಟು ಹತ್ತಿರ. ದಪ್ಪ ಬಾಗಿಲಿನ ಆಚೆ ಊರು ನೀರಿನಡಿಯಲ್ಲಿತ್ತು. ಎಲ್ಲೋ ಒಂದು ಅಡುಗೆಮನೆಯಲ್ಲಿ ಅತ್ತೆ ರೇಡಿಯೊದ ಗುಂಡಿ ತಿರುಗಿಸುತ್ತಿದ್ದರು.

ಎಡಗೈ ಮೇಲೆದ್ದು ಹೆಡ್‌ಫೋನನ್ನು ಮುಟ್ಟಿತು. ಕಣ್ಣು ತೆರೆದಾಗ ಕೆಂಪು ದೀಪ ಹತ್ತಿತು. ಗಂಟೆ ಬಾರಿಸಿತು, ಅದರ ಕೊನೆಯ ಸದ್ದು ಅಡಗಿತು. ಕೂದಲು ತೂರಿಸಲೂ ಜಾಗ ಬಿಡದೆ ಅವಳು ಮೊದಲ ಶಬ್ದ ನುಡಿದಳು.

ಗಾಜಿನಾಚೆ ಕಿವಿರಾಯ ಗುಂಡಿಯ ಮೇಲಿಂದ ಬೆರಳು ಎತ್ತಿದ. ಸರಿಪಡಿಸಲು ಏನೂ ಇರಲಿಲ್ಲ. ಸಂಪಾದಕರು ಹವಾಮಾನದವರೆಗೂ ನಿಲ್ಲಲಿಲ್ಲ. ಮೊದಲ ಸುದ್ದಿ ಮುಗಿಯುತ್ತಲೇ, "ನಾಳೆಗೂ ಇವರೇ" ಎಂದು ಕಿವಿರಾಯನ ಭುಜ ತಟ್ಟಿ ಹೊರಟುಹೋದರು.